ಬಿದಿರು ಕೊಟ್ಟವರನ್ನು ಕಾಗದ ಕೇಳುವ ಸರಕಾರ

ಮಾನವಿಯ ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ಒಂದು ಮುಂಜಾನೆ ನಾವು ಕುಳಿತಿದ್ದೆವು. ಪಕ್ಕದಲ್ಲಿ ಕಾಲುವೆಯ ಕೊನೆಭಾಗದ ರೈತರಿಬ್ಬರು. ಒಬ್ಬರು ಪತ್ರಿಕೆ ಓದುತ್ತಿದ್ದವರು ತಲೆಯೆತ್ತಿ ನಮಗೆ ಹೇಳಿದರು: “ನೋಡ್ರಿ ಮಾಸ್ತರ್ರೆ, ಆ ಕಾರವಾರ ಸೀಮ್ಯಾಗ ಕಾಡು ಕಡದು ಹೊಲ ಮಾಡ್ಯಾರಂತ. ಅಂಥವ್ರನ್ನ ಒದ್ದು ಹೊರಗ ಹಾಕಬೇಕ್ರಿ. ಕಾಡು ಹೋಗಿದ್ದಕ್ಕ ಮಳಿ ಹೋತು, ಮಳಿ ಹೋಗಿದ್ದಕ್ಕ ನಮ್ಮ ಕಾಲುವಿ ಒಣಗಿತು.” ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು.

ಆ ಇಬ್ಬರು ರೈತರ ಮೇಲೆ ನಮಗೆ ಸಿಟ್ಟಿಲ್ಲ. ನೀರು ಬಾರದ ಗದ್ದೆಯ ಮುಂದೆ ನಿಂತವನ ಬಾಯಿಂದ ಯಾವ ಮಾತಾದರೂ ಬಂದೀತು. ನಮ್ಮ ಸಿಟ್ಟು ಇರುವದು ಅವರಿಗೆ ಈ ಪಾಠವನ್ನು ಕಲಿಸಿದವರ ಮೇಲೆ. ಒಬ್ಬ ಬಡವನ ಸಂಕಟಕ್ಕೆ ಇನ್ನೊಬ್ಬ ಬಡವನೇ ಕಾರಣನೆಂದು ತೋರಿಸಿ, ನಡುವೆ ನಿಂತ ದೊಡ್ಡವರನ್ನು ಮರೆಮಾಡುವ ಪಾಠವದು. ಶಾಲೆಯಲ್ಲಿ ಕೆಲವು ವರ್ಷ ಕರಿಹಲಗೆಯ ಮುಂದೆ ನಿಂತವರು ನಾವು. ತಪ್ಪು ಲೆಕ್ಕವನ್ನು ಅಳಿಸದೆ ಬಿಡಲಾಗುವದಿಲ್ಲ. ಆದ್ದರಿಂದ ಈ ವಾರ ಈ ಲೆಕ್ಕವನ್ನು ವಾಚಕರ ಮುಂದೆ ಮತ್ತೊಮ್ಮೆ ಮಾಡಿ ತೋರಿಸುತ್ತೇವೆ.

ಮೊದಲು, ಆ ರೈತರ ಮಾತಿನಲ್ಲಿ ನಿಜವಾದದ್ದನ್ನು ಒಪ್ಪಿಕೊಳ್ಳೋಣ. ಮಾನವಿಗೂ ಉತ್ತರ ಕನ್ನಡದ ಕಾಡಿಗೂ ಸಂಬಂಧವಿದೆ. ಶಿರಸಿ ತಾಲೂಕಿನ ಬನವಾಸಿಯ ಪಕ್ಕದಲ್ಲಿ ಹರಿಯುವ ವರದಾ ನದಿ ಹಾವೇರಿ ಸೀಮೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವದು. ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ನಮ್ಮ ಗದ್ದೆಗೆ ಬರುವದು. ಘಟ್ಟದ ಮೇಲೆ ಮರ ನಿಂತರೆ ಇಲ್ಲಿ ಬೆಳೆ ನಿಂತೀತು. ಅಣೆಕಟ್ಟೆ ಕಟ್ಟಿದಾಗ 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಬೋಳಾದ ಗುಡ್ಡದ ಮಣ್ಣು, ಗಣಿ ತೋಡಿದ ಮಣ್ಣು ಎಲ್ಲವೂ ಕೊನೆಗೆ ನೀರಿನ ದಾರಿ ಹಿಡಿಯುವದು. ಅದರ ಪೆಟ್ಟು ಮೊದಲು ಬೀಳುವದು ಕಾಲುವೆಯ ಬಾಲದಲ್ಲಿರುವ ಮಾನವಿ, ರಾಯಚೂರು ರೈತರ ಮೇಲೆ. ಹೀಗಾಗಿ ಕಾಡು ಉಳಿಯಬೇಕೆಂಬ ಮಾತಿಗೆ ನಮ್ಮದೂ ಒಂದು ಕೈ ಎತ್ತಿದ್ದೇವೆ.

ಪ್ರಶ್ನೆ ಇರುವದು ಬೇರೆ. ಆ ಕಾಡನ್ನು ಕಡಿದವರು ಯಾರು?

1799ರಲ್ಲಿ ಟೀಪು ಸುಲ್ತಾನ ಬಿದ್ದ ಮೇಲೆ ಕೆನರಾ ಸೀಮೆ ಕುಂಪಣಿ ಸರಕಾರದ ಕೈಸೇರಿತು. ಅಂದು ಆ ಕರಾವಳಿ ದೂರದ, ದಾರಿಯಿಲ್ಲದ ನಾಡು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಘಟ್ಟದಿಂದಿಳಿದು ನೆಲವನ್ನು ತುಂಡುತುಂಡಾಗಿ ಸೀಳಿ ಸಮುದ್ರ ಸೇರುತ್ತಿದ್ದವು. ಊರಿಂದೂರಿಗೆ ಹೋಗಬೇಕಾದರೆ ದೋಣಿಯೇ ಗತಿ. ಇಡೀ ಕರಾವಳಿಯುದ್ದಕ್ಕೂ ರೈಲು ಓಡಿದ್ದು 1998ರಲ್ಲಿ ಎಂದರೆ ಎರಡು ಶತಮಾನದ ಹಿಂದಿನ ಸ್ಥಿತಿಯನ್ನು ವಾಚಕರೇ ಊಹಿಸಬಹುದು. ಅಲ್ಲಿ ಹಾಲಕ್ಕಿ ಒಕ್ಕಲಿಗರು ಗುಡ್ಡದ ಬುಡದಲ್ಲಿ ಕೊಪ್ಪ ಕಟ್ಟಿಕೊಂಡಿದ್ದರು; ಖಾರ್ವಿಗಳು, ಹರಿಕಂತ್ರರು, ಅಂಬಿಗರು ಅಳಿವೆಯ ಬಾಯಲ್ಲಿ ಬಲೆ ಬೀಸುತ್ತಿದ್ದರು; ಕುಣಬಿಗಳು, ಸಿದ್ದಿಗಳು ಘಟ್ಟದ ಮೇಲಿನ ಕಾಡಿನಲ್ಲಿದ್ದರು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ, ಗುಡ್ಡದ ಓರೆಯಲ್ಲಿ ಕುಮರಿ ರಾಗಿ, ಹೊಳೆಯಲ್ಲಿ ಮೀನು, ಕಾಡಿನಲ್ಲಿ ಸೊಪ್ಪು-ಸೌದೆ. ಇದು ಅವರ ಸಂಸಾರ. ದೋಣಿಗೂ ಮರ, ಮನೆಗೂ ಮರ, ನೇಗಿಲಿಗೂ ಮರ, ಹೆಣ ಸುಡಲಿಕ್ಕೂ ಮರ. ಹೀಗೆ ತಲೆಮಾರುಗಟ್ಟಲೆ ಬಳಸಿದ ಮೇಲೂ ಕುಂಪಣಿಯ ಸಾಹೇಬರು ಬಂದಾಗ ಕಾಡು ಅಲ್ಲಿತ್ತು ಎಂಬುದನ್ನು ಮರೆಯಬಾರದು. ಇಲ್ಲದಿದ್ದರೆ ಅವರು ಕಡಿದದ್ದಾದರೂ ಏನನ್ನು?

ಇಂಗ್ಲಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಮರ ತೀರುತ್ತ ಬಂದಿತ್ತು. ನೆಪೋಲಿಯನ್ನನ ಜತೆ ಯುದ್ಧ ನಡೆದಿತ್ತು. ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಾಯಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೋಲೀಸ ಅಧಿಕಾರಿಯನ್ನು ಅರಣ್ಯದ ಮೊದಲ ಕಾವಲುಗಾರನಾಗಿ ನೇಮಿಸಿದರು. ಕಾಡನ್ನು ಕಾಯಲಿಕ್ಕೆ ಪೋಲೀಸನನ್ನೇ ಏಕೆ ಆರಿಸಿದರೆಂದು ಕೇಳಬೇಡಿರಿ. ಕಾಯಬೇಕಾದದ್ದು ಕಾಡನ್ನಲ್ಲ, ಮಾಲನ್ನು. ತೇಗವೆಲ್ಲ ಕುಂಪಣಿಯದೆಂದು ಮರುವರ್ಷವೇ ಸಾರಿದರು. ತನ್ನ ಹಿತ್ತಲಿನ ಮರವನ್ನೂ ರೈತ ಮುಟ್ಟುವಂತಿಲ್ಲವೆಂಬ ಗತಿ ಬಂತು. ದೂರುಗಳು ಎಷ್ಟು ಬಿದ್ದವೆಂದರೆ, 1823ರಲ್ಲಿ ಮದರಾಸಿನ ಗವರ್ನರ ಥಾಮಸ್ ಮನ್ರೋನೇ ಆ ಹುದ್ದೆಯನ್ನು ಎತ್ತಿಹಾಕಿಸಬೇಕಾಯಿತು.

ಮರ ಹೇಗೆ ಹೊರಬೀಳುತ್ತಿತ್ತು? ಹಸಿ ತೇಗ ನೀರಿನಲ್ಲಿ ತೇಲದು. ಆದ್ದರಿಂದ ನಿಂತ ಮರದ ಬುಡಕ್ಕೆ ಸುತ್ತಲೂ ಬಳೆಯಂತೆ ಕೆತ್ತಿ, ನಿಂತಲ್ಲಿಯೇ ಸಾಯಲು ಬಿಡುವದು. ಒಂದೆರಡು ವರ್ಷದ ಮೇಲೆ ಒಣಗಿ ಹಗುರಾದದ್ದನ್ನು ಕಡಿದು, ಎತ್ತು-ಕೋಣ-ಆನೆಗಳಿಂದ ಹೊಳೆಯವರೆಗೆ ಎಳೆಸಿ, ಬಿದಿರು ಕಟ್ಟಿ ತೇಲಿಸುವದು. ಕಾಳಿಯ ದಿಮ್ಮಿಗಳು ಕಾರವಾರದತ್ತ ಇಳಿದವು. ಅಲ್ಲಿಂದ ಮುಂಬಯಿಗೆ ಹಡಗಿನ ದಾರಿ. ಕೊಡಲಿ ಹಿಡಿದವನು, ದಿಮ್ಮಿ ಎಳೆದವನು, ಮಳೆಗಾಲದ ಹೊಳೆಯಲ್ಲಿ ತೆಪ್ಪ ನಡೆಸಿದವನು ಅಲ್ಲಿಯ ಬಡವನೇ. ಕೂಲಿ ಅವನದು, ಮರ ಮಾತ್ರ ಅವನದಲ್ಲ. ಮಲಬಾರಿನ ತೇಗದಿಂದ 1817ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲಂಡಿನ ಹಾರ್ಟ್ಲ್‌ಪೂಲ್ ಬಂದರದಲ್ಲಿ ತೇಲುತ್ತಿದೆ. ಯಾವ ವರ್ಷ, ಯಾವ ಮರ, ಕಟ್ಟಿದವರಾರು ಎಂಬ ಲೆಕ್ಕವೆಲ್ಲ ಅಲ್ಲಿ ಸುರಕ್ಷಿತವಾಗಿದೆ. ಕಡಿದವನ ಹೆಸರು ಎಲ್ಲಿಯೂ ಇಲ್ಲ.

ಹಡಗಿನ ನಂತರ ಬಂತು ರೈಲು. ಇಲ್ಲಿ ನಮ್ಮ ರಾಯಚೂರೂ ಕಥೆಯೊಳಗೆ ಬರುವದು. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರು ಸ್ಟೇಷನ್ನಿನಲ್ಲಿಯೇ. ಒಟ್ಟು ದೂರ ಸುಮಾರು 800 ಮೈಲಿ. ಮೈಲಿಗೆ ಕಡಿಮೆಯೆಂದರೂ 1,700 ಸ್ಲೀಪರ್ ತೊಲೆ. ಗುಣಿಸಿ ನೋಡಿರಿ: 13,60,000. ಅದರಲ್ಲಿ ಕೆಲವು ಕಬ್ಬಿಣದವು, ಕೆಲವು ಸಮುದ್ರದಾಚೆಯಿಂದ ತಂದ ಮರದವು ಎಂದು ಕಳೆದರೂ ಉಳಿದದ್ದು ನಮ್ಮ ಕಾಡುಗಳ ಮೇಲೆಯೇ ಬಿತ್ತು. ಅದೂ ಒಂದು ಸಲ ಹಾಕಿದರೆ ಮುಗಿಯುವಂತಿಲ್ಲ. ಮಳೆ-ಗೆದ್ದಲಿಗೆ ಕೊಳೆತದ್ದನ್ನು ತೆಗೆದು ಹೊಸದು ಹಾಕುತ್ತಲೇ ಇರಬೇಕು. ಇದು ಒಂದೇ ಮಾರ್ಗದ ಲೆಕ್ಕ. ಇಡೀ ಹಿಂದುಸ್ಥಾನದ ಲೆಕ್ಕವನ್ನು ವಾಚಕರೇ ಮಾಡಲಿ.

ಇಷ್ಟು ಕಡಿದ ಮೇಲೆ ಸರಕಾರಕ್ಕೆ ಕಾಡಿನ ಚಿಂತೆ ಹತ್ತಿತು. ಕಳ್ಳನೆಂದು ಹಿಡಿದದ್ದು ಯಾರನ್ನು? ಕುಮರಿಯವನನ್ನು! ಚಿಕ್ಕ ತುಂಡು ಗುಡ್ಡ ಸವರಿ, ಸುಟ್ಟು, ಒಂದೆರಡು ವರ್ಷ ರಾಗಿ ಬಿತ್ತಿ, ಮತ್ತೆ ಹತ್ತು-ಹನ್ನೆರಡು ವರ್ಷ ಕಾಡಿಗೇ ಬಿಟ್ಟುಕೊಡುವವನನ್ನು. 1860ರಲ್ಲಿ ಮದರಾಸು ಸರಕಾರ ಅನುಮತಿಯಿಲ್ಲದೆ ಕುಮರಿ ಕೂಡದೆಂದಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಇಲಾಖೆಗೆ ಹೋಯಿತು. ಏಕೆ? ಧಾರವಾಡ ಸೀಮೆಯ ಹತ್ತಿ ಸಾಗಿಸಲಿಕ್ಕೆ ಕಾರವಾರ ಬಂದರವು ವ್ಯಾಪಾರಿಗಳಿಗೆ ಬೇಕಾಗಿತ್ತು. 1865, 1878, 1927ರ ಅರಣ್ಯ ಕಾಯದೆಗಳು ಒಂದರ ಮೇಲೊಂದು ಬಂದವು. ಅಡಿಕೆ ತೋಟವುಳ್ಳವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಉಳಿಯಿತು. ಕಂದಾಯ ಕೊಡುವವನ ಮಾತಿಗೆ ಬೆಲೆಯಿತ್ತು. ತೋಟವಿಲ್ಲದ ಹಾಲಕ್ಕಿಗೆ, ಕುಣಬಿಗೆ ಸೌದೆಯ ಹೊರೆಯೂ ಅಪರಾಧವಾಯಿತು. ವರ್ಗಭೇದವೆಂದರೇನೆಂದು ಕೇಳುವವರಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕೆ?

ಇದೆಲ್ಲ ಪರಕೀಯರ ಕಾಲದ ಮಾತು, ಸ್ವರಾಜ್ಯ ಬಂದ ಮೇಲೆ ಬದಲಾಯಿತು ಎನ್ನುವವರಿದ್ದಾರೆ. ನಾವೂ ಹಾಗೆ ನಂಬಬೇಕೆಂದಿದ್ದೆವು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಅದಕ್ಕೆ ಕಾಡಿನ ಬಿದಿರನ್ನು ಸರಕಾರ ಕೊಟ್ಟ ದರ ಟನ್ನಿಗೆ ಎರಡು ರೂಪಾಯಿಗೂ ಕಡಿಮೆಯಿತ್ತೆಂದು ವಿಜ್ಞಾನಿ ಮಾಧವ ಗಾಡಗೀಳರು ಬರೆದಿಟ್ಟಿದ್ದಾರೆ. ಬುಟ್ಟಿ ಹೆಣೆದು ಬದುಕುವ ಮೇದಾರನು ಪೇಟೆಯಲ್ಲಿ ಅದೇ ಬಿದಿರಿಗೆ ಕೊಡುತ್ತಿದ್ದ ಬೆಲೆಯೊಡನೆ ಹೋಲಿಸಿದರೆ ಇದು ಪುಕ್ಕಟೆಯೇ. ಬಿದಿರು ತೀರುತ್ತ ಬಂದಾಗ ಮತ್ತೆ ಅದೇ ರಾಗ: ದನ ಮೇಯಿಸುವವರು ಹಾಳುಮಾಡಿದರು! ಗಾಡಗೀಳರು ಹೋಗಿ ನೋಡಿದರೆ ಕಂಡದ್ದು ಬೇರೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆಯಿರುತ್ತದೆ. ಎಳೆಯ ಕಳಲೆಯನ್ನು ಅದು ಕಾಯುವದು. ಬಿದಿರು ಚೆನ್ನಾಗಿ ಬೆಳೆಯಲೆಂದು ಆ ಮುಳ್ಳನ್ನು ಸವರಿ ತೆಗೆದಿದ್ದರು, ಆ ಮೇಲೆ ಕಳಲೆ ದನದ ಬಾಯಿಗೆ ಸಿಕ್ಕಿತು. ಮುಳ್ಳು ತೆಗೆಯಬಾರದೆಂಬುದು ಅಲ್ಲಿಯ ಹಳ್ಳಿಯವರಿಗೆ ಗೊತ್ತಿದ್ದ ಮಾತು, ಅವರನ್ನು ಕೇಳಿದವರಿರಲಿಲ್ಲ.

ಆ ಮೇಲೆ ಶರಾವತಿಯ ಲಿಂಗನಮಕ್ಕಿ, ಕಾಳಿಯ ಸೂಪಾ, ಕದ್ರಾ, ಕೊಡಸಳ್ಳಿ. ಆ ಮೇಲೆ ಕೈಗಾ ಅಣುಸ್ಥಾವರ. ಆ ಮೇಲೆ ಕಾರವಾರ-ಅಂಕೋಲೆಯ ಕಡಲದಂಡೆಯ ಊರುಗಳನ್ನೆಬ್ಬಿಸಿ ನೌಕಾನೆಲೆ. ವಿದ್ಯುತ್ತೂ ಬೇಕು, ದೇಶರಕ್ಷಣೆಯೂ ಬೇಕು, ಒಪ್ಪುತ್ತೇವೆ. ಆದರೆ ಮುಳುಗಿದ ಕಾಡಿಗೆ, ಎಬ್ಬಿಸಿದ ಊರಿಗೆ ಹೋಲಿಸಿದರೆ ಹಾಲಕ್ಕಿಯವನ ಎರಡೆಕರೆ ಎಷ್ಟು? 1983ರ ಸಪ್ಟಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿನಿಂತು ‘ಅಪ್ಪಿಕೋ’ ಚಳವಳಿ ಹೂಡಿದಾಗ ಅವರು ತಡೆದದ್ದು ಅತಿಕ್ರಮಣದಾರನ ಕೊಡಲಿಯನ್ನಲ್ಲ. ಸರಕಾರದ ಅಪ್ಪಣೆಯಿಂದ ಬಂದ ಕೊಡಲಿಯನ್ನು!

ಈಗ ಕಾನೂನಿಗೆ ಬರೋಣ. 2006ರಲ್ಲಿ ಸಂಸತ್ತು ಅರಣ್ಯಹಕ್ಕು ಕಾಯದೆ ಮಾಡಿತು. ಕಾಡಿನವರಿಗೆ “ಐತಿಹಾಸಿಕ ಅನ್ಯಾಯ”ವಾಗಿದೆಯೆಂದು ಆ ಕಾಯದೆಯ ಪೀಠಿಕೆಯೇ ಒಪ್ಪುವದು. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ 13ಕ್ಕೆ ಮೊದಲಿನ ವಾಸ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಕಾಡನ್ನು ನೆಚ್ಚಿ ಬಾಳಿದ್ದನ್ನು ತೋರಿಸಬೇಕು. ಕರಿಹಲಗೆಯ ಮೇಲೆ ಬರೆಯಿರಿ: 2005ರಲ್ಲಿ 75 ಕಳೆದರೆ 1930.

1930! ಆ ವರ್ಷದ ಎಪ್ರಿಲ್ 13ರಂದು ಅಂಕೋಲೆಯ ಕಡಲದಂಡೆಯಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಅದರ ಬೆನ್ನಿಗೆ ಅರಣ್ಯ ಸತ್ಯಾಗ್ರಹ, ಕರನಿರಾಕರಣೆ. ಅಂಕೋಲೆ-ಸಿದ್ದಾಪುರಗಳ ರೈತರ ಹೊಲಮನೆಗಳನ್ನು ಸರಕಾರ ಮುಟ್ಟುಗೋಲು ಹಾಕಿತು. ಆ ವರ್ಷದ ಕಾಗದ ಕೊಡಿರೆಂದು ಇಂದಿನ ಸರಕಾರ ಆ ಜನರ ಮೊಮ್ಮಕ್ಕಳನ್ನು ಕೇಳುತ್ತದೆ. 1930ರಲ್ಲಿ ಕಾಡಿನ ಬಡವನಿಗೆ ಕಾಗದ ಕೊಡುವವರು ಯಾರಿದ್ದರು? ಇದ್ದ ಕಾಗದವೆಂದರೆ ಅರಣ್ಯ ಇಲಾಖೆಯ ದಂಡದ ಚೀಟಿ. ಅದರ ದಫ್ತರ ಯಾರ ಕಪಾಟಿನಲ್ಲಿದೆ? ಇಲಾಖೆಯದೇ ಕಪಾಟಿನಲ್ಲಿ. ಬೀಗ ತನ್ನ ಬಳಿಯಿಟ್ಟುಕೊಂಡು, ಒಳಗಿನದನ್ನು ತಾ ಎಂದು ಹೊರಗೆ ನಿಂತವನನ್ನು ಗದರಿಸುವ ನ್ಯಾಯವಿದು.

ಉತ್ತರ ಕನ್ನಡದಲ್ಲಿ ಹತ್ತಾರು ಸಾವಿರ ಕುಟುಂಬಗಳು ಅರ್ಜಿ ಕೊಟ್ಟವು, ಬಹುಪಾಲು ತಿರಸ್ಕೃತವಾದವು. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಬೇಕೆಂದು ಸುಪ್ರೀಂ ಕೋರ್ಟಿನ ಆಜ್ಞೆ ಬಂತು. ದೇಶದಲ್ಲಿ ಹುಯಿಲೆದ್ದ ಮೇಲೆ ಅದೇ ತಿಂಗಳ 28ರಂದು ಅದಕ್ಕೆ ತಡೆ ಬಿತ್ತು. ತಡೆಯೆಂದರೆ ಹಕ್ಕಲ್ಲ. ತಲೆಯ ಮೇಲೆ ತೂಗುವ ಕತ್ತಿಯನ್ನು ಒಂದಿಷ್ಟು ಮೇಲೆತ್ತಿದ್ದಾರೆ, ಅಷ್ಟೆ.

ಕಾಯದೆಯ ನಿಯಮಗಳನ್ನು ನಾವು ಓದಿದ್ದೇವೆ. ಹಿರಿಯರ ಹೇಳಿಕೆ ಸಾಕ್ಷಿ. ಬಾವಿ, ಸ್ಮಶಾನ, ದೇವರ ಸ್ಥಳ ಸಾಕ್ಷಿ. ಮಟ್ಟ ಮಾಡಿದ ನೆಲ, ಹಾಕಿದ ಬದು ಸಾಕ್ಷಿ. ಯಾವದೇ ಒಂದು ಬಗೆಯ ದಾಖಲೆಯೇ ಬೇಕೆಂದು ಹಟ ಹಿಡಿಯಕೂಡದು, ಉಪಗ್ರಹದ ಚಿತ್ರ ಪೂರಕ ಮಾತ್ರ ಎಂದು 2012ರ ತಿದ್ದುಪಡಿ ಹೇಳುವದು. ವಿಚಾರಣೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲವೆಂದು ಮೂಲ ಕಾಯದೆಯೇ ಹೇಳುವದು. ಕಾನೂನು ಬಾಯಿತೆರೆದು ಹೇಳಿದ್ದನ್ನು ಕಚೇರಿ ಕಿವಿಮುಚ್ಚಿ ಕುಳಿತರೆ ತಪ್ಪು ಯಾರದು?

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ವಾಚಕರು ಕೇಳಿದ್ದೀರಿ. ಹಾಲಕ್ಕಿ ಸಮಾಜದ ಹೆಣ್ಣುಮಗಳು. ಅಕ್ಷರ ಬಾರದು. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿ ಲೆಕ್ಕವಿಲ್ಲದಷ್ಟು ಗಿಡ ಬೆಳೆಸಿದವರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಅಧಿಕಾರಿಗಳೇ ಅವರನ್ನು ಕೇಳುತ್ತಿದ್ದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ನಡೆದುಹೋಗಿ ಸ್ವೀಕರಿಸಿದರು. 2024ರ ಡಿಸೆಂಬರ 16ರಂದು ತೀರಿಕೊಂಡರು. ಅವರ ಬರಿಗಾಲಿನ ಫೋಟೋ ದೊಡ್ಡವರೆಲ್ಲರ ಗೋಡೆಯ ಮೇಲೆ ಬಂತು. ಆದರೆ ಅವರ ಹಾಲಕ್ಕಿ ಜನರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿರೆಂಬ ಬೇಡಿಕೆ ದಶಕಗಳಿಂದ ಬೆಂಗಳೂರು-ದಿಲ್ಲಿಗಳ ನಡುವೆ ಓಡಾಡುತ್ತಿದೆ. ಪಟ್ಟಿಯಲ್ಲಿಲ್ಲವೆಂದೇ ಅವರ ಕೊಪ್ಪದವರು 75 ವರ್ಷದ ಸಾಕ್ಷಿ ಹುಡುಕಬೇಕು. ಕಾಡು ಬೆಳೆಸಿದ್ದಕ್ಕೆ ಪದಕವುಂಟು, ಕಾಡಿನಲ್ಲಿ ಬಾಳಿದ್ದಕ್ಕೆ ನಂಬಿಕೆಯಿಲ್ಲ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಬಡವನ ಹೆಸರು ಹೇಳಿಕೊಂಡು ಉಳ್ಳವರೂ ಕಾಡು ನುಂಗಿದ್ದಾರಲ್ಲ? ಹೌದು, ನುಂಗಿದ್ದಾರೆ. ಅವರ ಪರವಾಗಿ ನಮ್ಮಿಂದ ಒಂದಕ್ಷರವೂ ಬಾರದು. ಆದರೆ ಜೊಳ್ಳಿದೆಯೆಂದು ರಾಶಿಗೇ ಬೆಂಕಿಯಿಡುವ ರೈತನನ್ನು ನಾವು ಕಂಡಿಲ್ಲ, ಅವನು ತೂರುತ್ತಾನೆ. ಈ ಕಾಯದೆಯಲ್ಲಿ ಮೊರವೂ ಇದೆ: ನಾಲ್ಕು ಹೆಕ್ಟೇರಿಗಿಂತ ಹೆಚ್ಚು ಕೊಡುವಂತಿಲ್ಲ, ಸ್ವತಃ ಉಳುವವನಿಗೇ ಕೊಡಬೇಕು, ಗ್ರಾಮಸಭೆ ಎಲ್ಲರೆದುರು ಪರೀಕ್ಷಿಸಬೇಕು. ಯಾರು ಯಾವಾಗ ಬಂದರೆಂಬುದು ಊರಿಗೆ ಗೊತ್ತು. ಗ್ರಾಮಸಭೆಯ ಬಾಯಿ ಕಟ್ಟಿ ಕಚೇರಿಯೇ ತೀರ್ಪು ಬರೆದರೆ ಪಾರಾಗುವವನು ಉಳ್ಳವನೇ. ಅವನ ಬಳಿ ಕಾಗದವಿರುತ್ತದೆ.

ದೇವದುರ್ಗದ ವಾಚಕರು ಕೇಳಬಹುದು: ಸಮುದ್ರದ ಕಡೆಯವರ ಮಾತು ನಮಗೇಕೆ? ನಮ್ಮ ಸೀಮೆಯಲ್ಲಿ ತೇಗವೆಲ್ಲಿದೆ? ಒಲೆಗೆ ಬಳ್ಳಾರಿ ಜಾಲಿಯೇ ಗತಿಯಾದ ನಾಡಿದು. ಹೌದು. ಆದರೆ ದೇವದುರ್ಗದ ಹಳ್ಳಿಯೊಂದರಲ್ಲಿ ಗಾಯರಾಣ ಜಮೀನು ಉಳುವ ಒಬ್ಬ ತಾಯಿ ನಮಗೆ ಹೇಳಿದ್ದನ್ನು ಕೇಳಿರಿ: “ದಾಖಲಿ ತಾ ಅಂತಾರ್ರೀ ಮಾಸ್ತರ. ನಮ್ಮಪ್ಪ ಕಲ್ಲು ಆರಿಸಿ ಆರಿಸಿ ಈ ಬದು ಹಾಕ್ಯಾನ. ಈ ಬದುವಿಗಿಂತ ದೊಡ್ಡ ದಾಖಲಿ ಯಾವದದ?” ಆ ತಾಯಿಯ ಮಾತೂ ಅಂಕೋಲೆಯ ಹಾಲಕ್ಕಿಯ ಮಾತೂ ಒಂದೇ. ಬಗರ್‌ಹುಕುಂ ರೈತರು ಫಾರಂ 50 ತುಂಬಿದರು, 53 ತುಂಬಿದರು, 57 ತುಂಬಿದರು. ಫಾರಮ್ಮಿನ ನಂಬರು ಬದಲಾಯಿತು, ಹಣೆಬರಹ ಬದಲಾಗಲಿಲ್ಲ. ನಿಜಾಮನ ಕಾಲದ ನಮ್ಮ ಹಳೆಯ ದಫ್ತರ ಉರ್ದುವಿನಲ್ಲಿದೆ. ಓದುವವರನ್ನು ಹುಡುಕಲಿಕ್ಕೇ ಒಂದು ದಿನದ ಕೂಲಿ ಹೋಗುವದು. ನೆಲ ನಿಲ್ಲದವನು ಕೊನೆಗೆ ಗುಳೆ ಏಳುತ್ತಾನೆ. ಮಂಗಳೂರಿಗೆ, ಗೋವೆಗೆ, ಅದೇ ಕಡಲದಂಡೆಗೆ. ಅಲ್ಲಿ ಒಕ್ಕಲೆದ್ದವನೂ ಇಲ್ಲಿಂದ ಗುಳೆಹೋದವನೂ ಒಂದೇ ಕಂತ್ರಾಟುದಾರನ ಮುಂದೆ ಒಂದೇ ಸಾಲಿನಲ್ಲಿ ಕೂಲಿಗೆ ನಿಲ್ಲುವರು.

1956ರ ನವೆಂಬರ 1ರಂದು ನಾವು ಹೈದರಾಬಾದಿನಿಂದಲೂ ಅವರು ಮುಂಬಯಿಯಿಂದಲೂ ಬಂದು ಒಂದೇ ದಿನ ಒಂದೇ ರಾಜ್ಯಕ್ಕೆ ಸೇರಿದವರು. ನಕಾಶೆಯಲ್ಲಿ ಕೂಡಿದ್ದೇವೆ, ಹೋರಾಟದಲ್ಲಿ ಕೂಡುವದು ಬಾಕಿಯಿದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತಾಗ ಶಾಂತವೇರಿ ಗೋಪಾಲಗೌಡರು ಅವರ ಜತೆ ನಿಂತರು, ದೂರದಿಂದ ಬಂದು ಲೋಹಿಯಾ ಸೆರೆಯಾದರು. ಇದು ನಮ್ಮೂರ ಪ್ರಶ್ನೆಯಲ್ಲವೆಂದು ಅವರು ಹೇಳಲಿಲ್ಲ.

ಆದ್ದರಿಂದ ನಾವು ಕೇಳುತ್ತೇವೆ. ತಿರಸ್ಕರಿಸಿದ ಅರ್ಜಿಗಳನ್ನೆಲ್ಲ ಗ್ರಾಮಸಭೆಯ ಮುಂದೆ ಮತ್ತೆ ತೆರೆಯಬೇಕು. ಇಲಾಖೆಯ ಹಳೆಯ ದಂಡದ ದಫ್ತರಗಳನ್ನು ಹೊರತೆಗೆದು ಅವನ್ನೇ ವಾಸದ ಸಾಕ್ಷಿಯಾಗಿ ಹಿಡಿಯಬೇಕು. ಹಾಲಕ್ಕಿ, ಕುಣಬಿಗಳ ಬೇಡಿಕೆಗೆ ಒಂದು ಗಡುವಿನೊಳಗೆ ಉತ್ತರ ಕೊಡಬೇಕು. ನಮ್ಮ ಜಿಲ್ಲೆಯ ಬಗರ್‌ಹುಕುಂ ಅರ್ಜಿಗಳನ್ನು ಹೊಲದ ಬದುವಿನ ಮೇಲೆ ನಿಂತು ವಿಚಾರಿಸಬೇಕು, ಕಚೇರಿಯ ಕುರ್ಚಿಯಲ್ಲಿ ಕುಳಿತಲ್ಲ.

ಚಾದಂಗಡಿಯ ಆ ಇಬ್ಬರು ರೈತರಿಗೆ ಅಂದು ನಾವು ಇಷ್ಟೆಲ್ಲ ಹೇಳಲಿಲ್ಲ, ಬಸ್ಸು ಬಂದುಬಿಟ್ಟಿತ್ತು. ಒಂದೇ ಪ್ರಶ್ನೆ ಕೇಳಿದೆವು: “ನಿಮ್ಮ ಹೊಲದ 1930ರ ಕಾಗದ ನಿಮ್ಮಲ್ಲಿ ಅದೇನ್ರಿ?” ಪತ್ರಿಕೆ ಹಿಡಿದವರು ಅದನ್ನು ಮಡಿಚಿ ಮೇಜಿನ ಮೇಲಿಟ್ಟು, ತುಸು ಹೊತ್ತು ಸುಮ್ಮನಿದ್ದು, “ನಮ್ಮಜ್ಜನ ಕಾಲದ್ದು ಎಲ್ಲಿಂದ ತರೋಣ್ರೀ?” ಎಂದರು. ಅದೇ ಉತ್ತರ ಅಂಕೋಲೆಯದೂ. ಮುಂದಿನ ಸೋಮವಾರ ತಹಸೀಲ ಕಚೇರಿಯ ಮುಂದೆ ನಾವಿರುತ್ತೇವೆ. ಫಾರಮ್ಮು ತುಂಬಿದವರೆಲ್ಲ ಬರ್ರಿ.